ಕಲ್ಲಿಗೇರದ ಹುಟ್ಟು

ಮಧುಗಿರಿಯಿಂದ ಪಾವಗಡದ ದಾರಿ ಹಿಡಿದವರಿಗೆ ಮಿಡಿಗೇಶಿಯ ಬೆಟ್ಟ ಎದುರಾಗುತ್ತದೆ. ಹಿಮ್ಮಡಿಯವರೆಗೆ ಕೂದಲಿದ್ದ ಹೆಣ್ಣೊಬ್ಬಳಿಂದ ಊರಿಗೆ ಈ ಹೆಸರು ಬಂದಿತೆಂದು ಐತಿಹ್ಯ. ಅವಳ ಕೂದಲಿನ ಉದ್ದ ಜನರ ನೆನಪಿನಲ್ಲಿ ಉಳಿಯಿತು. ಹುಟ್ಟಿದ ವರ್ಷ ಉಳಿಯಲಿಲ್ಲ. ನಮ್ಮ ಚರಿತ್ರೆಯ ಆಕರಗಳ ಸ್ವಭಾವವೇ ಹಾಗೆ. ರೈಸರು ಸಂಪಾದಿಸಿದ ತುಮಕೂರು ಜಿಲ್ಲೆಯ ಶಾಸನಗಳನ್ನು ತಿರುವಿದರೆ ದಾನ ಕೊಟ್ಟವರೂ ಕಾದಿ ಮಡಿದವರೂ ಸಿಗುತ್ತಾರೆ. ಸತ್ತವನಿಗೆ ಕಲ್ಲು ನೆಟ್ಟ ನಾಡು, ರೈತನ ಮನೆಯಲ್ಲಿ ಹುಟ್ಟಿದ ಕೂಸಿಗೆ ಒಂದು ಓಲೆಯನ್ನೂ ಮೀಸಲಿಡಲಿಲ್ಲ.

ಜಾತಕ ಬರೆಸುತ್ತಿದ್ದುದು ಕೆಲವೇ ಮನೆಗಳಲ್ಲಿ. ಉಳಿದವರಿಗೆ ಬರವೇ ಪಂಚಾಂಗ. ಧಾತು-ಈಶ್ವರದ ಬರದಲ್ಲಿ ಕೈಗೂಸಾಗಿದ್ದೆನೆಂದರೆ 1876–78ರ ಆಸುಪಾಸು. ಇನ್‌ಫ್ಲುಯೆಂಜಾ ಜ್ವರದ ವರ್ಷವೆಂದರೆ 1918. ವಯಸ್ಸಿಗೆ ಸಾಕ್ಷ್ಯವನ್ನು ಯಾರೂ ಕೇಳದಿರುವವರೆಗೆ ಈ ಲೆಕ್ಕವೇ ಸಾಕಾಗಿತ್ತು.

ಕೇಳುವ ಕಾಲ 1894ರಲ್ಲಿ ಬಂದಿತು. ಆ ವರ್ಷ ಮೈಸೂರು ಸಂಸ್ಥಾನವು ಶಿಶುವಿವಾಹ ನಿಷೇಧದ ಕಾನೂನನ್ನು ತಂದು, ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕು ತುಂಬದವಳ ಕೈಹಿಡಿಯುವುದನ್ನೂ ಅಪರಾಧವೆಂದಿತು. ಆ ಕಾಲಕ್ಕೆ ಧೈರ್ಯದ ಹೆಜ್ಜೆಯೇ ಸರಿ. ಆದರೆ ಚಪ್ಪರದ ಕೆಳಗೆ ಕುಳಿತ ಹುಡುಗಿಗೆ ಏಳೋ ಒಂಬತ್ತೋ, ಹೇಳುವವರಾರು? ಮದುವೆ ಮಾಡಿಸುತ್ತಿದ್ದ ಹಿರಿಯರೇ ವಯಸ್ಸಿಗೂ ಸಾಕ್ಷಿ! ಹಳ್ಳಿಯ ಪಟೇಲರು ಜನನ ಮರಣಗಳ ಲೆಕ್ಕ ಬರೆಯುತ್ತಿದ್ದುದುಂಟು. ಆದರೆ ಆ ಲೆಕ್ಕದಿಂದ ಸರ್ಕಾರ ತಿಳಿಯಬಯಸುತ್ತಿದ್ದುದು ಊರಿನ ಆರೋಗ್ಯವನ್ನು, ಇಂಥ ಮಗು ಇಂಥ ದಿನ ಹುಟ್ಟಿತೆಂಬುದನ್ನಲ್ಲ.

1963ರಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ದೇಶಕ್ಕೆಲ್ಲ ಒಂದೇ ಆದ ಜನನ ಮರಣ ನೋಂದಣಿ ಕಾನೂನು ಬಂದದ್ದು 1969ರಲ್ಲಿ. ಅಂದರೆ ಎಂಟರ ಗೆರೆ ಎಳೆದ ಮುಕ್ಕಾಲು ಶತಮಾನದ ಮೇಲೆ. ಮನೆಯಲ್ಲಿ ಹೆರಿಗೆಯಾದರೆ ಯಜಮಾನನು 21 ದಿನಗಳೊಳಗೆ ತಿಳಿಸಬೇಕು, ಆಸ್ಪತ್ರೆಯಲ್ಲಾದರೆ ವೈದ್ಯಾಧಿಕಾರಿ. ಈ ಕಾನೂನಿನ ಒಂದು ವಿವೇಕವನ್ನು ಮೆಚ್ಚಲೇಬೇಕು: ಮಗುವಿಗೆ ಹೆಸರಿಡುವ ಮೊದಲೇ ಹುಟ್ಟನ್ನು ಬರೆಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ನಾಮಕರಣವನ್ನು ತಿಂಗಳುಗಟ್ಟಲೆ ಮುಂದೂಡುವ ನಮ್ಮವರಿಗೆ ಹೇಳಿ ಮಾಡಿಸಿದ ಸೌಕರ್ಯ. ಆದರೂ ಹೆಸರಿಗೆ ಕಾದು ದಿನ ಕಳೆದುಕೊಂಡವರು ಕಡಮೆಯಲ್ಲ.

ಹಾಗೆ ಬಿಟ್ಟುಹೋದ ಮಕ್ಕಳಿಗೆ ಶಾಲೆಯ ಮೇಷ್ಟರೇ ಬ್ರಹ್ಮ. ಒಂದು ತಲೆಮಾರಿನವರೆಲ್ಲ ಜೂನ್ 1ರಂದೇ ಹುಟ್ಟಿದಂತೆ ದಾಖಲೆಯಲ್ಲಿರುವುದನ್ನು ವಾಚಕರು ಬಲ್ಲರು. ಇದರಲ್ಲಿ ನಗುವುದೇನೂ ಇಲ್ಲ. 2006ರ ಕಾನೂನು ಹೆಣ್ಣಿನ ಮದುವೆಗೆ ಹದಿನೆಂಟರ ಗೆರೆಯನ್ನಿಟ್ಟಿದೆ. ಮೇಷ್ಟರು ಅಂದಾಜಿನಿಂದ ಕೂಡಿಸಿದ ಒಂದು ವರ್ಷ ಹದಿನೇಳರ ಹುಡುಗಿಯನ್ನು ಆ ಗೆರೆ ದಾಟಿಸಿಬಿಡುತ್ತದೆ. 2015ರ ಬಾಲನ್ಯಾಯ ಕಾನೂನು ವಯಸ್ಸನ್ನು ನಿರ್ಣಯಿಸಲು ಮೊದಲು ಶಾಲೆಯ ಪತ್ರವನ್ನೂ, ಅದಿಲ್ಲದಿದ್ದರೆ ಜನನದ ಪತ್ರವನ್ನೂ, ಎರಡೂ ಇಲ್ಲದಾಗ ಮೂಳೆಯ ಪರೀಕ್ಷೆಯನ್ನೂ ಹೇಳುತ್ತದೆ. ಮೂಳೆ ದಿನಾಂಕವನ್ನು ಹೇಳಲಾರದು.

2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೂ ಮತದಾರರ ಪಟ್ಟಿಗೂ ಸರ್ಕಾರಿ ನೌಕರಿಗೂ ಜನನದ ಪತ್ರವೇ ಆಧಾರವಾಗಿದೆ. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಹುಟ್ಟು ಪುಸ್ತಕವನ್ನು ಸೇರದು. ಮಿಡಿಗೇಶಿಯ ಕೂಲಿಯವನು ಅದಕ್ಕಾಗಿ ಆ ದಿನದ ಕೂಲಿ ಬಿಟ್ಟು ಮಧುಗಿರಿಯ ಬಸ್ಸು ಹತ್ತಬೇಕು.