ಒಂದೇ ಗೇರಿನ ಮೌಂಟನ್ ಬೈಕು: ಗೇರು ಬಿಟ್ಟವರು ಮತ್ತು ಗೇರೇ ಇಲ್ಲದವರು

ಹೋದ ವಾರದ ಮಾತಿನ ಬರಹರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.

ಮೊದಲು ನಮ್ಮ ಮನೆಯ ಒಂದು ಸಂಗತಿ. ಎರಡು ವರ್ಷದ ಹಿಂದೆ, ಇಲ್ಲೇ ಪುಣೆಯ ವೇತಾಳ ಟೇಕಡಿಯಲ್ಲಿ, ನನ್ನ 21 ಗೇರಿನ ಸೈಕಲ್ಲಿನ ಹಿಂದಿನ ಡಿರೇಲರ್ ಕಲ್ಲಿಗೆ ಬಡಿದು ಮುರೀತು. ಡಿರೇಲರ್ ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಪುಟ್ಟ ತೋಳು. ಜೊತೆಗಿದ್ದ ಗೆಳೆಯ ಚೈನು ಬಿಚ್ಚಿ, ಕೆಲವು ಕೊಂಡಿ ತೆಗೆದು ಗಿಡ್ಡ ಮಾಡಿ, ಹಿಂದಿನ ಒಂದೇ ಹಲ್ಲುಚಕ್ರಕ್ಕೆ ಸುತ್ತಿಬಿಟ್ಟ. ಹಾಗೇ ತುಳ್ಕೊಂಡು ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಒಂದು ವಿಚಿತ್ರ: ಸೈಕಲ್ಲು ಸದ್ದೇ ಮಾಡಲಿಲ್ಲ. ಚೈನಿನ ಕಟಕಟ ಇಲ್ಲ, ಯಾವ ಗೇರಿಗೆ ಹಾಕಲಿ ಅನ್ನೋ ಯೋಚನೆಯೂ ಇಲ್ಲ.

ಆ ರುಚಿ ಹತ್ತಿ, ಗುಜರಿಯಲ್ಲಿ ಬಿದ್ದಿದ್ದ ಹಳೇ ಕಬ್ಬಿಣದ ಫ್ರೇಮ್ ಒಂದನ್ನು ತಂದು ಸಿಂಗಲ್ ಸ್ಪೀಡ್ ಮೌಂಟನ್ ಬೈಕ್ ಕಟ್ಟಿಸೋಕೆ ಶುರುಮಾಡಿದೆ. ಧಾರವಾಡದಲ್ಲಿರೋ ಅಪ್ಪನಿಗೆ ಫೋನಿನಲ್ಲಿ ಖುಷಿಯಿಂದ ಹೇಳಿದೆ. ಅಪ್ಪ ಸಾಲಿ ಮಾಸ್ತರು. ಇಪ್ಪತ್ತೆರಡು ವರ್ಷ, ದಿನಕ್ಕೆ ಹೋಗಿಬರೋ 18 ಕಿಲೋಮೀಟರ್, ಕಪ್ಪು ಅಟ್ಲಾಸ್ ಸೈಕಲ್ ತುಳಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಗೇರಿದ್ದದ್ದು ಬಿಟ್ಟು ಗೇರಿಲ್ಲದ್ದಕ್ಕ ರೊಕ್ಕಾ ಸುರದೀಯೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕೋಕೆ ಹೋಗಿಯೇ ಈ ಚರಿತ್ರೆಯೊಳಗೆ ಬಿದ್ದೆ.

ಮೌಂಟನ್ ಬೈಕಿನ ಕತೆಯನ್ನು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದಿಂದ ಶುರುಮಾಡ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರೀನ್ ಕೌಂಟಿ, ಅಲ್ಲಿ ಟಾಮಲ್ಪಾಯಸ್ ಬೆಟ್ಟ. 1970ರ ದಶಕದ ಆರಂಭದಲ್ಲಿ ಅಲ್ಲಿನ ಹುಡುಗರು ಗುಜರಿಯಿಂದ 1930-40ರ ದಶಕದ ಸೈಕಲ್ಲುಗಳನ್ನು ಎತ್ತಿ ತರ್ತಿದ್ರು. ಶ್ವಿನ್ ಕಂಪನಿಯ ಎಕ್ಸೆಲ್ಸಿಯರ್ ಅಂದರೆ ಅವರಿಗೆ ಪ್ರಾಣ. ಶ್ವಿನ್ 1933ರಲ್ಲಿ ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು ದಪ್ಪದ ಬಲೂನ್ ಟೈರನ್ನು ಅಮೆರಿಕದ ಸೈಕಲ್ಲಿಗೆ ತಂದಿತ್ತು. ಕಲ್ಲುದಾರಿಗೆ ಹೇಳಿ ಮಾಡಿಸಿದಂಥ ಟೈರು. ಸೈಕಲ್ಲಿನ ತೂಕ 20 ಕಿಲೋಗೂ ಮೇಲೆ. ಗೇರು ಒಂದೇ. ಬ್ರೇಕು ಹಿಂದಿನ ಹಬ್ಬಿನ ಹೊಟ್ಟೆಯೊಳಗೆ: ಪೆಡಲ್ಲನ್ನು ಹಿಂದಕ್ಕೆ ಒತ್ತಿದರೆ ಗಾಲಿ ನಿಲ್ಲುತ್ತೆ.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಮಣ್ಣುದಾರಿಯಲ್ಲಿ ಇವರು ಗಡಿಯಾರ ಹಿಡಿದು ಮೊದಲ ರೇಸ್ ನಡೆಸಿದರು. ಸುಮಾರು ಮೂರೂವರೆ ಕಿಲೋಮೀಟರ್ ದಾರಿ, ಅಷ್ಟರಲ್ಲಿ ಸುಮಾರು 400 ಮೀಟರ್ ಇಳಿಜಾರು. ಗೆದ್ದವನು ಅಲನ್ ಬಾಂಡ್ಸ್, ಬೀಳದೆ ಕೆಳಗೆ ಮುಟ್ಟಿದವನು ಅವನೊಬ್ಬನೇ. ಆ ದಾರಿಯ ಹೆಸರು ರಿಪ್ಯಾಕ್. ಯಾಕೆ ಗೊತ್ತಾ? ಒಂದು ಸಲ ಕೆಳಗಿಳಿಯೋದರೊಳಗೆ ಹಬ್ಬಿನ ಬ್ರೇಕ್ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು. ಮನೆಗೆ ಹೋಗಿ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಆ ಮತ್ತೆ ತುಂಬೋ ಕೆಲಸಕ್ಕೇ ಇಂಗ್ಲಿಷಿನಲ್ಲಿ ರಿಪ್ಯಾಕ್ ಅನ್ನೋದು.

ಇಲ್ಲಿ ಸ್ವಲ್ಪ ನಿಲ್ಲಿ. ಇಳಿದದ್ದು ಸರಿ, ಇವರು ಆ ಬೆಟ್ಟ ಹತ್ತುತ್ತಿದ್ದದ್ದು ಹೇಗೆ? ಸೈಕಲ್ ತಳ್ಕೊಂಡು, ಇಲ್ಲಾ ಪಿಕಪ್ ಟ್ರಕ್ಕಿನಲ್ಲಿ ಹೇರ್ಕೊಂಡು. ಒಂದೇ ಗೇರಿನ ಆ ಭಾರದ ಸೈಕಲ್ಲು ಇಳಿಯೋಕೆ ಮಾತ್ರ ಲಾಯಕ್ಕಾಗಿತ್ತು.

ಹತ್ತೋಕೆ ಕಲಿಸಿದ್ದು ಗೇರು. 1974ರ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯಲ್ಲಿ ನಡೆದ ಒಂದು ಸೈಕ್ಲೋಕ್ರಾಸ್ ರೇಸಿಗೆ ಕ್ಯುಪರ್ಟಿನೋ ಕಡೆಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲಿಗೆ ಡಿರೇಲರ್ ಹಾಕ್ಕೊಂಡು ಬಂದಿದ್ರು. ಮರೀನಿನವರು ಕಣ್ಣರಳಿಸಿ ನೋಡಿದರು. ಆಮೇಲೆ ಗ್ಯಾರಿ ಫಿಶರ್ ತನ್ನ ಎಕ್ಸೆಲ್ಸಿಯರಿಗೂ ಗೇರು ಹಾಕಿದ. ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಬೆಸೆದ, ಗೇರು ಸಮೇತ. 1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೇರಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಇಟ್ಕೊಂಡು 'ಮೌಂಟನ್‌ಬೈಕ್ಸ್' ಅನ್ನೋ ವ್ಯಾಪಾರ ತೆರೆದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ 15 ಗೇರಿನ ಸ್ಟಂಪ್‌ಜಂಪರ್ ಬಂದ ಮೇಲಂತೂ ಇದು ಜಗತ್ತಿನ ಮಾಲಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೂ ಸೇರಿತು.

ಅಷ್ಟರಲ್ಲಿ ಗೇರಿನ ಸಂಖ್ಯೆ 15, 18, 21, 24 ಅಂತ ಏರ್ತಾನೇ ಇತ್ತು. ಅದೇ 1990ರ ದಶಕದಲ್ಲಿ ಕೆಲವರು ಸಾಕಪ್ಪಾ ಅಂದರು. ಕೆಸರಿನಲ್ಲಿ ಡಿರೇಲರ್ ಕಟ್ಟಿಕೊಳ್ಳುತ್ತೆ, ಕೇಬಲ್ ಹಿಡ್ಕೊಳ್ಳುತ್ತೆ, ಒಂದು ಮಳೆಗಾಲಕ್ಕೆ ಚೈನೂ ಹಲ್ಲುಚಕ್ರವೂ ಸವೀತವೆ. ಮಳೆ ಜಾಸ್ತಿ ಇರೋ ಬ್ರಿಟನ್ನಿನಲ್ಲಿ ಈ ಗೋಳು ಇನ್ನೂ ಹೆಚ್ಚು. ಇದ್ದಬದ್ದ ಗೇರೆಲ್ಲ ಕಿತ್ತುಹಾಕಿ ಒಂದನ್ನೇ ಉಳಿಸ್ಕೊಂಡರು. ಸಿಂಗಲ್ ಸ್ಪೀಡ್ ವಿಶ್ವ ಚಾಂಪಿಯನ್‌ಶಿಪ್ ಅಂತ ಅರ್ಧ ತಮಾಷೆಯ ಪಂದ್ಯವೂ ಶುರುವಾಯಿತು. ಅದರಲ್ಲಿ ಗೆದ್ದವರಿಗೆ ಬಹುಮಾನ ಅಂದರೆ ಮೈಮೇಲೆ ಹಚ್ಚೆ. ದಶಕದ ಕೊನೆಗೆ ಮಿನೆಸೋಟದ ಸರ್ಲಿ ಕಂಪನಿ 'ಒನ್ ಬೈ ಒನ್' ಅನ್ನೋ ಫ್ರೇಮನ್ನು ಇದಕ್ಕೆಂದೇ ಮಾರಿತು.

ಇವರಲ್ಲಿ ಅನೇಕರು "ನಾವು ಮೂಲಕ್ಕೆ ಮರಳಿದೆವು" ಅಂತಾರೆ. ನನಗೆ ಇದು ಅರ್ಧ ನಿಜ ಅನಿಸುತ್ತೆ. ಮೂಲದವರು ಒಂದೇ ಗೇರಿನಲ್ಲಿ ಇಳಿದರು, ಇವರು ಒಂದೇ ಗೇರಿನಲ್ಲಿ ಹತ್ತುತ್ತಿದ್ದಾರೆ. ಹತ್ತೋ ಆ ವಿದ್ಯೆ ಟಾಮಲ್ಪಾಯಸ್ಸಿನದಲ್ಲ. ಅದು ನಮ್ಮ ಹಾಲಿನವನದು, ಪೋಸ್ಟ್‌ಮ್ಯಾನಿನದು, ಅಪ್ಪನಂಥ ಮಾಸ್ತರದು.

ಲೆಕ್ಕ ಹಾಕಿ ನೋಡೋಣ. ನಮ್ಮ ಕಪ್ಪು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18; ಗಾಲಿ 28 ಇಂಚು. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತೆ. ಬೆಟ್ಟದ ಸಿಂಗಲ್ ಸ್ಪೀಡಿಗೆ ಹಳಬರು ಹೇಳೋ ಲೆಕ್ಕ ಎರಡಕ್ಕೆ ಒಂದು: 26 ಇಂಚಿನ ಗಾಲಿಗೆ ಮುಂದೆ 32, ಹಿಂದೆ 16. ಒಂದು ಸುತ್ತಿಗೆ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು. ಸುತ್ತಿಗೆ ದೂರ ಕಡಿಮೆಯಾದಷ್ಟೂ ಏರು ಹಗುರ. ಅಂದರೆ ಅಪ್ಪ ತುಳಿದದ್ದು ಹಚ್ಚೆಯ ವೀರರ ಗೇರಿಗಿಂತ ಭಾರದ್ದು, ಅದೂ ಕ್ಯಾರಿಯರಿನಲ್ಲಿ ನನ್ನನ್ನು ಕೂರಿಸ್ಕೊಂಡು.

ಮದರಾಸಿನ ಹೊರಗೆ ಅಂಬತ್ತೂರಿನ ಟಿಐ ಸೈಕಲ್ಸ್ ಹುಟ್ಟಿದ್ದು 1949ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಈ ಕಾರ್ಖಾನೆಗಳು ದೇಶಕ್ಕೆ ಕೊಟ್ಟದ್ದು ಬಹುಮಟ್ಟಿಗೆ ಒಂದೇ ಗೇರಿನ ಸೈಕಲ್ಲು. ಮುಂದೆ ದಪ್ಪ ಟೈರು, ನೇರ ಹ್ಯಾಂಡಲ್ಲಿನ 'ರೇಂಜರ್' ಮಾದರಿ ಬಂದಾಗಲೂ ಅಷ್ಟೇ: ವೇಷ ಮೌಂಟನ್ ಬೈಕಿನದು, ಗೇರು ಒಂದೇ. ಲೆಕ್ಕಕ್ಕೆ ಹಿಡಿದರೆ ಅವೂ ಸಿಂಗಲ್ ಸ್ಪೀಡ್ ಮೌಂಟನ್ ಬೈಕುಗಳೇ. ಈ ಚರಿತ್ರೆ ಬರೆದವರು ಮಾತ್ರ ಅವನ್ನು ಎಣಿಸಲ್ಲ. ಯಾಕಂದ್ರೆ ಅಲ್ಲಿ ಗೇರನ್ನು ಯಾರೂ ಬಿಟ್ಟಿರಲಿಲ್ಲ, ಗೇರು ಇರಲೇ ಇಲ್ಲ.

ಗೇರು ಬೇಡ ಅನ್ನೋ ವಾದವೂ ಹೊಸದಲ್ಲ. ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆನ್ರಿ ದೆಗ್ರಾಂಜ್ ಡಿರೇಲರನ್ನು ದಶಕಗಟ್ಟಲೆ ದೂರ ಇಟ್ಟ. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಸಿಗೋ ಹಾಗೆ ತಿರುಗಿಸಿ ಹಾಕ್ಕೋಬೇಕಿತ್ತು, ಚಳಿ ಮಳೆ ಲೆಕ್ಕಿಸದೆ. ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವನು ಕೆಳಗಿಳಿದ ಮೇಲೆ. ಕಷ್ಟ ಚಂದ ಅಂದವನು ಆಗ ಸೈಕಲ್ ಮೇಲಿರಲಿಲ್ಲ, ಪಂದ್ಯ ನಡೆಸೋ ಕಡೆ ಇದ್ದ.

ನನ್ನ ಸೈಕಲ್ಲಿಗೆ ಬರ್ತೀನಿ. ಕಟ್ಟೋದು ಕಷ್ಟವಲ್ಲ, ಎರಡು ವಿಷಯ ಸರಿಯಿರಬೇಕು. ಒಂದು, ಮುಂದಿನ ಹಲ್ಲುಚಕ್ರ ಮತ್ತು ಹಿಂದಿನದು ಒಂದೇ ನೇರಕ್ಕೆ ಇರಬೇಕು. ಸೊಟ್ಟಗಿದ್ದರೆ ಚೈನು ಜಾರುತ್ತೆ. ಹಳೇ ಗೇರಿನ ಗಾಲಿಯನ್ನೇ ಬಳಸೋರು ಹಲ್ಲುಚಕ್ರದ ಎರಡೂ ಬದಿಗೆ ಪಿವಿಸಿ ಪೈಪಿನ ತುಂಡು ಕತ್ತರಿಸಿ ಹಾಕಿ ನೇರ ಮಾಡ್ಕೋತಾರೆ. ಎರಡು, ಚೈನಿನ ಬಿಗಿ. ಗಾಲಿ ಕೂರೋ ಜಾಗದ ಸೀಳು ಅಡ್ಡಡ್ಡ ಇದ್ದರೆ ಗಾಲಿಯನ್ನು ಹಿಂದಕ್ಕೆಳೆದು ಬಿಗಿದರೆ ಮುಗೀತು. ನನ್ನ ಗುಜರಿ ಫ್ರೇಮು ಹಾಗೇ ಇತ್ತು. ಪೇಟೆಯ ಸೈಕಲ್ ಅಂಗಡಿಯ ಕಾಕಾ ಮೊದಲು ಹಿಂದೆ 16 ಹಲ್ಲಿನ ಫ್ರೀವೀಲ್ ಹಾಕಿಕೊಟ್ಟರು. ಟೇಕಡಿಯ ಮೊದಲ ಏರಿಗೇ ಇಳಿದು ತಳ್ಳಿದೆ. ಮಾರನೇ ದಿನ 18 ಹಾಕಿಸ್ಕೊಂಡೆ. ಈಗ ಹತ್ತುತ್ತೆ, ಸೀಟಿನಿಂದ ಎದ್ದು ನಿಂತು ತುಳಿದರೆ.

ದೀಪಾವಳಿಗೆ ಅಪ್ಪ ಬಂದಿದ್ರು. ಅವರು 1991ರಲ್ಲಿ ಸಾಲ ಮಾಡಿ ಸ್ಕೂಟರ್ ಕೊಂಡ ದಿನದಿಂದ ಸೈಕಲ್ ಮುಟ್ಟಿದವರಲ್ಲ. ಗ್ಯಾಲರಿಯಲ್ಲಿ ನಿಂತಿದ್ದ ಸೈಕಲ್ಲಿನ ಹತ್ತಿರ ಕೂತು, ಹೆಬ್ಬೆರಳಿನಿಂದ ಚೈನು ಒತ್ತಿ ನೋಡಿದರು.

"ಭಾಳ ಬಿಗಿ ಆಗೇದ. ಅರ್ಧಾ ಇಂಚರೆ ಆಡಬೇಕು. ಇಲ್ಲಾಂದ್ರ ಬೇರಿಂಗ್ ತಿಂತದ. ಪಾನಾ ಅದ ಏನ?"

ಪಾನಾ ಕೊಟ್ಟೆ. ನಟ್ಟು ಸಡಿಲಿಸಿ, ಗಾಲಿಯನ್ನು ಕೂದಲೆಳೆಯಷ್ಟು ಮುಂದೆ ತಂದು ಬಿಗಿದರು. ಪೆಡಲ್ ತಿರುಗಿಸಿ ಕಿವಿಗೊಟ್ಟು ಕೇಳಿದರು. ಒಂದು ಸುತ್ತು ಹೊಡೀರಿ ಅಂದೆ. ಕೈ ಒರೆಸ್ಕೋತಾ, "ನನ್ನ ಪಾಲಿಂದು ನಾ ಹೊಡದ್ ಮುಗಸೇನಿ. ನೀ ಹೊಡಿ" ಅಂದರು.

ಅವರ ಪ್ರಶ್ನೆಗೆ ನನ್ನ ಉತ್ತರ ಈಗ ಇಷ್ಟೇ: ಹೌದು ಅಪ್ಪ, ದುಡ್ಡು ಕೊಟ್ಟೆ. ಬೇಡ ಅನಿಸಿದ ದಿನ ನಾನು ಗೇರಿನ ಸೈಕಲ್ಲಿಗೆ ಮರಳಬಹುದು, ನಿಮಗೆ ಆ ದಾರಿ ಇರಲಿಲ್ಲ. ನಮ್ಮಿಬ್ಬರ ಸೈಕಲ್ಲಿನ ನಡುವಿನ ವ್ಯತ್ಯಾಸ ಹಲ್ಲಿನ ಲೆಕ್ಕದಲ್ಲಿಲ್ಲ.

ನಿಮ್ಮ ಮನೆಯಲ್ಲೂ ಒಂದೇ ಗೇರಿನಲ್ಲಿ ಘಟ್ಟವೋ ದಿಬ್ಬವೋ ಹತ್ತಿದವರು ಇದ್ದರೆ, ಎಷ್ಟು ದೂರ, ಯಾವ ಸೈಕಲ್ಲು, ಕ್ಯಾರಿಯರಿನಲ್ಲಿ ಏನಿರ್ತಿತ್ತು ಅಂತ ಕೇಳಿ ಬರೆದಿಟ್ಕೊಳ್ಳಿ. ಅವರು ಹೇಳದೇ ಇದ್ರೆ ಇನ್ಯಾರೂ ಹೇಳಲ್ಲ. ಮುಂದಿನ ವಾರ ಸಿಗೋಣ.