ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ಹಿರಿಯ ಮಾನವ ಹಕ್ಕು ಅಧಿಕಾರಿಯ ಹುದ್ದೆ

ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ಸೈನಿಕರು ಹಾಗೂ ಪೊಲೀಸರ ಜೊತೆಗೆ ನಾಗರಿಕ ಸಿಬ್ಬಂದಿಯೂ ಇರುತ್ತಾರೆ. ಮಾನವ ಹಕ್ಕು ವಿಭಾಗವು ಈ ನಾಗರಿಕ ಅಂಗಕ್ಕೆ ಸೇರಿದೆ. ವಿಭಾಗದ ಮುಖ್ಯಸ್ಥರು ಕಾರ್ಯಾಚರಣೆಯ ನೇತೃತ್ವ ವಹಿಸಿರುವ ವಿಶೇಷ ಪ್ರತಿನಿಧಿಗೂ, ಜಿನೀವಾದಲ್ಲಿನ ಮಾನವ ಹಕ್ಕುಗಳ ಹೈಕಮಿಷನರ್ ಅವರಿಗೂ ಏಕಕಾಲಕ್ಕೆ ಉತ್ತರದಾಯಿಗಳಾಗಿರುತ್ತಾರೆ.

ದಕ್ಷಿಣ ಸುಡಾನ್‌ನ ಕಾರ್ಯಾಚರಣೆಯನ್ನು ಭದ್ರತಾ ಮಂಡಳಿಯು 2011ರ ಜುಲೈನಲ್ಲಿ 1996ನೇ ನಿರ್ಣಯದ ಮೂಲಕ ಸ್ಥಾಪಿಸಿತು. ಮರುವರ್ಷವೇ ಅಲ್ಲಿನ ಸರ್ಕಾರವು ಮಾನವ ಹಕ್ಕು ಅಧಿಕಾರಿಯೊಬ್ಬರನ್ನು ದೇಶದಿಂದ ಹೊರಹಾಕಿತು. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಸಾವಿರಾರು ಜನರು ವಿಶ್ವಸಂಸ್ಥೆಯ ನೆಲೆಗಳಲ್ಲಿ ಆಶ್ರಯ ಪಡೆದರು. ಅಕೋಬೋ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಭಾರತೀಯ ಯೋಧರು ಹುತಾತ್ಮರಾದರು. ಈ ಪರಿಸ್ಥಿತಿಯಲ್ಲಿಯೇ ವಿಭಾಗದ ಅಧಿಕಾರಿಗಳು ಸಂತ್ರಸ್ತರ ಹಾಗೂ ಸಾಕ್ಷಿಗಳ ಹೇಳಿಕೆಗಳನ್ನು ಪಡೆದರು. 2014ರ ಮೇ ತಿಂಗಳಲ್ಲಿ ಪ್ರಕಟವಾದ ವರದಿಯು ಉಭಯ ಪಕ್ಷಗಳನ್ನೂ ಹೊಣೆಗಾರರನ್ನಾಗಿಸಿತು. ಅದೇ ತಿಂಗಳು 2155ನೇ ನಿರ್ಣಯವು ನಾಗರಿಕರ ರಕ್ಷಣೆ ಹಾಗೂ ಹಕ್ಕು ಉಲ್ಲಂಘನೆಗಳ ತನಿಖೆಗೆ ಆದ್ಯತೆ ನೀಡಿತು.

ಹೇಳಿಕೆ ನೀಡಿದವರ ಗುರುತು ಬಯಲಾದಲ್ಲಿ ಅವರ ಪ್ರಾಣಕ್ಕೇ ಅಪಾಯವುಂಟು. ಆದ್ದರಿಂದ ಸಾಕ್ಷಿಯ ಸಮ್ಮತಿಯಿಲ್ಲದೆ ಯಾವುದೇ ವಿವರವನ್ನು ಬಳಸತಕ್ಕದ್ದಲ್ಲ. ಯಾವುದನ್ನು ಪ್ರಕಟಿಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬ ನಿರ್ಧಾರವೇ ಹಿರಿಯ ಅಧಿಕಾರಿಯ ಅತ್ಯಂತ ಕಠಿಣ ಕರ್ತವ್ಯವೆನ್ನಬಹುದು.

ಪಿ-5 ಶ್ರೇಣಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೊಂದಿಗೆ ಕನಿಷ್ಠ 10 ವರ್ಷಗಳ, ಡಿ-1 ಶ್ರೇಣಿಗೆ 15 ವರ್ಷಗಳ ಸಂಬಂಧಿತ ಅನುಭವ ಅಗತ್ಯ. ಅರ್ಜಿಗಳನ್ನು ವಿಶ್ವಸಂಸ್ಥೆಯ ಉದ್ಯೋಗ ಜಾಲತಾಣದಲ್ಲಿ ನೇರವಾಗಿ ಸಲ್ಲಿಸತಕ್ಕದ್ದು. ಇಲಾಖೆಯ ಮೂಲಕ ಸ್ವೀಕರಿಸಲಾಗುವುದಿಲ್ಲ. ನೇಮಕಾತಿಯ ಯಾವುದೇ ಹಂತದಲ್ಲಿ ವಿಶ್ವಸಂಸ್ಥೆಯು ಶುಲ್ಕ ವಿಧಿಸುವುದಿಲ್ಲವಾದ್ದರಿಂದ, ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಲು ಕೋರಲಾಗಿದೆ.