ಒಂದು ಡಾಲರಿನ ಕಪ್ಪು ಡಬ್ಬಿ

ಊರು ಬಿಟ್ಟು ಬರುವಾಗ ಪೆಟ್ಟಿಗೆಯಲ್ಲಿ ಏನೇನು ತಂದಿರಿ? ಉಪ್ಪಿನಕಾಯಿ, ಚಟ್ನಿಪುಡಿ ಎಂದೋ ಮುಗಿದಿರುತ್ತವೆ. ಉಳಿದಿರುವುದು ಬಹುಶಃ ಒಂದು ಹಳೆಯ ಆಲ್ಬಂ. ಅದರಲ್ಲಿನ ಪುಟ್ಟ ಕಪ್ಪು-ಬಿಳುಪು ಚಿತ್ರಗಳ ಹಿಂದೆ ಒಂದು ಡಬ್ಬಿಯ ಕಥೆಯಿದೆ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಸಾಮಾನ್ಯರ ಕೈಗೆಟುಕುವ ಮಾತಲ್ಲ. 1900ರ ಫೆಬ್ರವರಿಯಲ್ಲಿ ಅದೇ ಕಂಪನಿ 'ಬ್ರೌನಿ'ಯನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ ಒಂದೇ ಡಾಲರ್! 6 ಚಿತ್ರಗಳ ಫಿಲಂ ಸುರುಳಿಗೆ 15 ಸೆಂಟ್. ವಿನ್ಯಾಸ ಫ್ರಾಂಕ್ ಬ್ರೌನೆಲ್‌ನದು. ಹೆಸರು ಮಾತ್ರ ಪಾಮರ್ ಕಾಕ್ಸ್‌ನ ಮಕ್ಕಳ ಪುಸ್ತಕಗಳಲ್ಲಿ ಬರುವ ತುಂಟ ಕುಳ್ಳರದು. ಮಕ್ಕಳಿಗೆಂದು ಮಾಡಿದ್ದನ್ನು ದೊಡ್ಡವರೂ ಮುಗಿಬಿದ್ದು ಕೊಂಡರು. 1912ರಲ್ಲಿ ಕಾರ್ಪೇಥಿಯಾ ಹಡಗಿನಲ್ಲಿದ್ದ ಬರ್ನಿಸ್ ಪಾಮರ್ ಎಂಬ ಹುಡುಗಿ ಟೈಟಾನಿಕ್ ದುರಂತದಲ್ಲಿ ಬದುಕುಳಿದವರ ಚಿತ್ರ ತೆಗೆದದ್ದು ಬ್ರೌನಿಯಲ್ಲೇ.

ಒಳಗೇನಿತ್ತು ಅಂತೀರಾ? ಹೆಚ್ಚೇನಿಲ್ಲ. ರಟ್ಟಿನ ಪೆಟ್ಟಿಗೆ, ಮುಂದೊಂದು ಗಾಜಿನ ಮಸೂರ, ಹಿಂದೆ ಫಿಲಂ. ಸನ್ನೆ ಒತ್ತಿದರೆ ತೂತಿರುವ ತಗಡು ಸರ್ರನೆ ಸರಿದು, ಕಣ್ಣು ಮಿಟುಕಿಸುವುದರೊಳಗೆ ಬೆಳಕು ಒಳಹೊಕ್ಕು ಚಿತ್ರ ತಲೆಕೆಳಗಾಗಿ ಮೂಡುತ್ತಿತ್ತು. ಕಿಂಡಿ ಸಣ್ಣದಾದ್ದರಿಂದ ಹತ್ತಡಿ ಆಚೆಗಿನದೆಲ್ಲ ಸುಮಾರಾಗಿ ಸ್ಪಷ್ಟ. ಫೋಕಸ್ ಮಾಡುವ ಗೊಡವೆಯಿಲ್ಲ. ಆದರೆ ಸಣ್ಣ ಕಿಂಡಿಗೆ ಒಳ್ಳೆ ಬಿಸಿಲು ಬೇಕು. ಹಳೆಯ ಚಿತ್ರಗಳಲ್ಲಿ ಎಷ್ಟೋ ಜನ ಅಂಗಳದಲ್ಲಿ ನಿಂತು ಕಣ್ಣು ಕಿರಿದು ಮಾಡಿಕೊಂಡಿರುವುದು ಇದಕ್ಕೇ.

1901ರಲ್ಲಿ ಎರಡನೇ ಬ್ರೌನಿಗಾಗಿ ಬಂದ 120 ಫಿಲಂ ಇಂದಿಗೂ ತಯಾರಾಗುತ್ತಿದೆ. ಅದೇ ಫಿಲಂನಲ್ಲಿ 12 ಚೌಕ ಚಿತ್ರ ತೆಗೆಯುತ್ತಿದ್ದ, ಬರೋಡದಲ್ಲಿ ತಯಾರಾದ ಅಗ್ಫಾ ಕ್ಲಿಕ್-3 ನಮ್ಮ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ.

ಡಬ್ಬಿ ಕ್ಯಾಮೆರಾದಲ್ಲಿ ಫಿಲಂ ಸುತ್ತಲು ಮರೆತರೆ ಒಂದರ ಮೇಲೊಂದು ಚಿತ್ರ ಮೂಡುತ್ತಿತ್ತು. ನಮ್ಮ ಮನೆಯ ಒಂದು ಚಿತ್ರದಲ್ಲಿ ಅಜ್ಜಿಯ ಸೆರಗಿನ ಮೇಲೆ ಹಸುವಿನ ಮುಖವಿದೆ! ನೋಡಿದಾಗಲೆಲ್ಲ ನಗುತ್ತಿದ್ದೆವು. ಪಕ್ಕದಲ್ಲಿ ನಿಂತ ಪುಟ್ಟ ಹುಡುಗಿ ಯಾರೆಂದು ಕೇಳಲೇ ಇಲ್ಲ. ಹೇಳಬಲ್ಲವರು ಅಜ್ಜಿಯೊಬ್ಬರೇ, ಈಗ ಅವರಿಲ್ಲ.

ಡಬ್ಬಿ ಮುಖಗಳನ್ನು ಹಿಡಿದಿಟ್ಟಿತು, ಹೆಸರುಗಳನ್ನಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಆಲ್ಬಂ ಒಯ್ಯಿರಿ. ಹಿರಿಯರ ಪಕ್ಕ ಕುಳಿತು ಒಬ್ಬೊಬ್ಬರ ಹೆಸರನ್ನೂ ಕೇಳಿ, ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.